ಸರ್ ಬರೆಯದ ಹೊಗಳಿಕೆ

ಓದಿ ತಲೆ ಎತ್ತಿದರೆ ಸರ್ ಅವರ ಮೂಗಿನ ತುದಿ ಕಪ್ಪಾಗಿರುತ್ತಿತ್ತು. ಒಂದು ಕಣ್ಣು ಆಪರೇಷನ್ನಿನಲ್ಲಿ ಕೆಟ್ಟಿತ್ತು. ಉಳಿದ ಕಣ್ಣನ್ನು ಪುಟಕ್ಕೆ ತಾಗುವಷ್ಟು ಹತ್ತಿರ ಒಯ್ದು, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತ ಓದುತ್ತಿದ್ದರು. ಹಾಕಿದ ಗುರುತನ್ನು ಮೂಗು ಅಳಿಸುತ್ತ ಹೋಗುತ್ತಿತ್ತು. "ಒರಸ್ಕೋರಿ, ಯಾರರೆ ಬಂದರ ನಗ್ತಾರ" ಎಂದು ಅವರ ಹೆಂಡತಿ ಒದ್ದೆ ಬಟ್ಟೆ ಕೊಡುತ್ತಿದ್ದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಸರ್ ಆ ಬಟ್ಟೆಯಿಂದ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದರು.

ತಾರ್ನಾಕದ ಒಂದು ಒಳರಸ್ತೆಯಲ್ಲಿ ಅವರ ಮನೆ. ಬೀದರ ಕಡೆಯ ಕ್ರೈಸ್ತರು. ಧರ್ಮಶಾಸ್ತ್ರದ ಕಾಲೇಜೊಂದರಲ್ಲಿ ಆದಿ ಕ್ರೈಸ್ತರ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ನಾನು ಕಲಬುರಗಿಯಿಂದ ಈ ತೆಲುಗು ಊರಿಗೆ ಸಂಶೋಧನೆಗೆ ಬಂದವಳು. ಹಳೆಯ ಸಮುದ್ರ ವ್ಯಾಪಾರದ ಬಗ್ಗೆ ಓದಲು ನನಗೆ ಗ್ರೀಕ್ ಬೇಕಿತ್ತು. ದಿನವಿಡೀ ತೆಲುಗು, ಹಿಂದಿ ಆಡಿ ದಣಿದು ಸಂಜೆ ಅವರ ಊಟದ ಮೇಜಿಗೆ ಬಂದರೆ, ಗ್ರೀಕನ್ನು ನಮ್ಮ ಕಡೆಯ ಕನ್ನಡದಲ್ಲಿ ಕಲಿಸುತ್ತಿದ್ದರು. ತಪ್ಪಿಗೆ ಸಿಟ್ಟಾಗುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದರೆ ಮಾತ್ರ ಪುಸ್ತಕ ಮುಚ್ಚಿ, "ನಾಳೆ ಬಾ" ಎಂದು ಎದ್ದುಬಿಡುತ್ತಿದ್ದರು.

ಆ ವರ್ಷ ಅವರ ಹಳೆಯ ಶಿಷ್ಯರೊಬ್ಬರ ದೊಡ್ಡ ಪುಸ್ತಕ ಬಂತು. ಮೊದಲ ಕಾಲದ ಕ್ರೈಸ್ತ ಸಭೆಗಳನ್ನು ಯಾರು ನಡೆಸುತ್ತಿದ್ದರು ಎಂಬುದು ಅದರ ವಿಷಯ. ಲೇಖಕರು ಆಗ ಸರ್ ಕಲಿಸಿದ ಕಾಲೇಜಿಗೇ ಮುಖ್ಯಸ್ಥರು. ವಿದೇಶದಲ್ಲಿ ಅಚ್ಚಾದ ಪುಸ್ತಕ, ಎಲ್ಲೆಡೆ ಹೊಗಳಿಕೆ. ಅದೇ ಹೊತ್ತಿಗೆ ಅವರಿಬ್ಬರೂ ಸೇರಿದ್ದ ಚರ್ಚಿನ ಸಭೆಯಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಬೇಕೋ ಬೇಡವೋ ಎಂಬ ಜಗಳ ನಡೆದಿತ್ತು. ಬೇಡ ಎನ್ನುವವರ ಕೈಗೆ ಈ ಪುಸ್ತಕ ಆಧಾರವಾಗಿ ಸಿಕ್ಕಿತು. ಒಂದು ಪತ್ರಿಕೆ ವಿಮರ್ಶೆ ಬರೆಯಲು ಸರ್ ಅವರನ್ನೇ ಕೇಳಿತು.

ಸರ್ ಅದನ್ನು ಮಳೆಗಾಲವೆಲ್ಲ ಓದಿದರು. ಒಂದು ಸಂಜೆ ನನ್ನೆದುರು ಅದರ ಎರಡು ಪುಟ ತೆರೆದಿಟ್ಟು, ಒಂದು ಗ್ರೀಕ್ ಪದದ ಮೇಲೆ ಬೆರಳಿಟ್ಟರು.

"ಇದು ಯಾವ ಪದ?"

ಹೇಳಿದೆ.

"ಇಲ್ಲೆ?"

"ಅದೇ ಪದರಿ."

"ಗಂಡಸಿನ ಹೆಸರಿನ ಮುಂದ ಬಂದರ 'ಸಭೆಯ ಅಧಿಕಾರಿ' ಅಂತ ಬರದಾನ. ಹೆಣ್ಮಗಳ ಹೆಸರಿನ ಮುಂದ ಬಂದರ 'ಸಹಾಯಕಿ'. ಪುಸ್ತಕದ ತುಂಬಾ ಹಿಂಗ." ಮೇಜನ್ನು ಅಂಗೈಯಿಂದ ಬಡಿದರು. "ಗೊತ್ತಿಲ್ದ ಬರದಿದ್ದರ ಬಿಡ್ತಿದ್ದೆ ತಂಗಿ. ಈ ಪದ ಅವಗ ಇದೇ ಮೇಜಿನ ಮ್ಯಾಲೆ ನಾನ ಕಲಿಸೀನಿ."

ಅವರ ತಾಯಿಯ ವಿಷಯ ನನಗೆ ತಿಳಿದದ್ದು ಆಗ. ಹಳ್ಳಿಯ ಅವರ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತಂತೆ. ಪಾದ್ರಿ ಪಟ್ಟಣದಿಂದ ಅಪರೂಪಕ್ಕೆ ಬರುವವರು. ಉಳಿದ ದಿನ ಓದುವುದು, ಹಾಡಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು ಎಲ್ಲ ಆಕೆಯೇ. ಬಿಷಪ್ಪರು ಬಂದ ದಿನ ಮಾತ್ರ ಆಕೆಯನ್ನು ಒಳಗೆ ಚಹಾ ಮಾಡಲು ಕೂರಿಸಿದರು. "ಈಕಿ ನಮಗ ಸಹಾಯ ಮಾಡ್ತಾಳ್ರಿ" ಎಂದು ಪಾದ್ರಿ ಪರಿಚಯಿಸಿದರು. "ಅವ್ವ ಚಹಾದ ತಟ್ಟಿ ಹಿಡಕೊಂಡು ನಿಂತಿದ್ದಳು" ಎಂದು ಸರ್ ಮತ್ತೆ ಪುಟಕ್ಕೆ ಬಗ್ಗಿದರು.

ವಿಮರ್ಶೆಯಲ್ಲಿ ತಾಯಿಯ ಸುದ್ದಿ ಇರಲಿಲ್ಲ. ಒಂದು ಬಿರುನುಡಿಯೂ ಇರಲಿಲ್ಲ. ಪುಟ ಪುಟ ಹಿಡಿದು, ಪದದ ಮುಂದೆ ಪದ ಇಟ್ಟು ತೋರಿಸಿದ್ದರು. ಕೊನೆಗೆ ಬರೆದದ್ದು ಇಷ್ಟು: "ಈ ಪುಸ್ತಕದ ಹಿಂದಿನ ಶ್ರಮ ಅಗಾಧ, ಆದರೆ ಇಷ್ಟು ಶ್ರಮಪಟ್ಟವರು ಒಂದು ಪದದ ಎದುರು ಪ್ರಾಮಾಣಿಕರಾಗಿ ಉಳಿಯಲಿಲ್ಲ." ಇಂಗ್ಲಿಷಿನಲ್ಲಿ ಅವರು ಹೇಳಿದಂತೆ ಟೈಪ್ ಮಾಡಿದವಳು ನಾನು.

ಪತ್ರಿಕೆ ಬಂದಾಗ ಸರ್ ಅವರಿಗೆ ಓದಿ ಹೇಳಿದವಳೂ ನಾನೇ. ಅರ್ಧ ಪುಟವಿತ್ತು. ಪದದ ವಿಚಾರ ಒಂದಕ್ಷರವೂ ಇಲ್ಲ. "ಈ ಪುಸ್ತಕದ ಹಿಂದಿನ ಶ್ರಮ ಅಗಾಧ" ಎಂಬಲ್ಲಿ ಪೂರ್ಣವಿರಾಮ. ಕೆಳಗೆ ಸರ್ ಹೆಸರು.

"ಮುಂದ ಓದು" ಎಂದರು.

"ಮುಂದ ಇಲ್ರಿ ಸರ್."

ಸಂಪಾದಕರಿಗೆ ಫೋನ್ ಮಾಡಿದರು. ಆತ ಹಳೆಯ ಸಹೋದ್ಯೋಗಿ. "ಜಾಗ ಇರಲಿಲ್ಲ ಸರ್. ಜಾನೇ ದೋ, ಬಿಟ್ಟುಬಿಡಿ, ಈ ವಯಸ್ಸಿನಲ್ಲಿ ಯಾಕೆ ದುಷ್ಮನಿ? ನಿಮ್ಮ ಶಿಷ್ಯನೇ ಅಲ್ಲವೇ?" ಎಂದು ನಕ್ಕ. ತಿದ್ದುಪಡಿ ಹಾಕುತ್ತೇನೆ ಎಂದೂ ಹೇಳಿದ. ಹಾಕಲಿಲ್ಲ. ಸರ್ ಬೇರೆ ಎರಡು ಪತ್ರಿಕೆಗಳಿಗೆ ಕಳಿಸಿದರು. ಒಮ್ಮೆ ಹೊಗಳಿದವರು ಈಗ ತೆಗಳುವುದೇಕೆ ಎಂದು ಕೇಳಿ ಇಬ್ಬರು ಸಂಪಾದಕರೂ ಹಿಂದಿರುಗಿಸಿದರು. ಅಷ್ಟರಲ್ಲಿ ಪುಸ್ತಕ ಮರುಮುದ್ರಣವಾಗಿ, ಹಿಂದಿನ ಹೊದಿಕೆಯ ಮೇಲೆ ಸರ್ ಅವರ ಆ ಮುರುಕು ವಾಕ್ಯ ಅಚ್ಚಾಗಿತ್ತು. ಸಭೆಯ ಜಗಳದಲ್ಲಿ ಹೆಂಗಸರು ಸೋತರು. ಅವರ ಪರ ವಾದಿಸಿದ ಒಬ್ಬಾಕೆ ಸರ್ ಮನೆಯ ಬಾಗಿಲಲ್ಲೇ ನಿಂತು, "ಮೀರು ಕೂಡಾನಾ ಸರ್?" ಎಂದಳು. ನೀವೂನಾ ಎಂದು ಕೇಳುವಾಗ ಆಕೆಗೆ ಸಿಟ್ಟೂ ಇರಲಿಲ್ಲ. ಸರ್ ಟೈಪಾದ ಪ್ರತಿ ತರಲು ಒಳಗೆ ಹೋದರು. ಬರುವಷ್ಟರಲ್ಲಿ ಆಕೆ ಗೇಟು ದಾಟಿದ್ದಳು.

ಅಲ್ಲಿಂದ ಅವರು ಬರೆಯುವುದನ್ನು ಬಿಟ್ಟರು. ನನಗೆ ಕಲಿಸುವುದನ್ನು ಬಿಡಲಿಲ್ಲ. ಪಾಠದ ನಡುವೆ ಒಮ್ಮೊಮ್ಮೆ, "ನಾ ಅನ್ನದ್ದು ನನ್ನ ಹೆಸರಲೆ ಅಂದಾರಲ್ಲ" ಎನ್ನುತ್ತಿದ್ದರು. ಮರುವರ್ಷ ಬೇಸಿಗೆಯಲ್ಲಿ ಹೃದಯ ನಿಂತು ತೀರಿಕೊಂಡರು.

ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತು ಮಾತಾಡಿದವರು ಅದೇ ಲೇಖಕರು. ತೆಲುಗಿನಲ್ಲಿ, ತನ್ನ ಪುಸ್ತಕವನ್ನು ಗುರುಗಳು ಆಶೀರ್ವದಿಸಿದ್ದನ್ನು ನೆನೆದರು. ಮುಂದಿನ ಸಾಲಿನಿಂದ ಅಕ್ಕೋರು ಎದ್ದು ನಿಂತರು.

"ಸುಳ್ಳ ಹೇಳಬ್ಯಾಡ್ರಿ. ಅವರು ಹಂಗ ಬರದಿಲ್ಲ."

ಕನ್ನಡ ಯಾರಿಗೂ ತಿಳಿಯಲಿಲ್ಲ. ಅಳುತ್ತಿದ್ದಾರೆಂದು ಇಬ್ಬರು ಹೆಂಗಸರು ಹೆಗಲು ಹಿಡಿದು ಕೂರಿಸಲು ನೋಡಿದರು. ನಾನು ಹಿಂದಿನ ಸಾಲಿನಲ್ಲಿ ಎದ್ದು, ಆ ಮಾತನ್ನು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದೆ. ಕೆಲವರು ತಿರುಗಿ ನೋಡಿದರು. ಆಮೇಲೆ ಪಾದ್ರಿ ಹಾಡಿನ ಸಂಖ್ಯೆ ಕೂಗಿದರು. ಎಲ್ಲರೂ ಎದ್ದು ಹಾಡತೊಡಗಿದರು.

ಹಾಡು ಮುಗಿಯುವವರೆಗೂ ಅಕ್ಕೋರು ತಿರುಗಿ ನನ್ನನ್ನೇ ನೋಡುತ್ತಿದ್ದರು. ಲೇಖಕರು ನನ್ನ ಪಕ್ಕದಿಂದಲೇ ಹಾದುಹೋದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೇ ಮೊದಲಿಗರು.