ಸರಪಳಿಯಮ್ಮನ ಬೀಗದ ಕೈ

ಆ ಲಾಡ್ಜಿನ ಒಡತಿಯಂಥ ಸಂಶಯದ ಪ್ರಾಣಿ ಊರಿನಲ್ಲಿ ಇನ್ನೊಂದಿರಲಿಲ್ಲ. ಸ್ವಂತ ನೆರಳು ಹಿಂದೆ ಬಂದರೂ ಏಕೆ ಬಂದೆ ಎಂದು ಕೇಳುವ ಹೆಂಗಸು. ಬಚ್ಚಲಿನ ಬಕೆಟ್ಟನ್ನು ನಲ್ಲಿಗೆ, ಮಗ್ಗನ್ನು ಬಕೆಟ್ಟಿಗೆ, ಕನ್ನಡಿಯನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬಿಗಿದಿದ್ದಳು. ಊರವರು ಸರಪಳಿಯಮ್ಮ ಎಂದು ಹೆಸರಿಟ್ಟಿರುವುದು ಗೊತ್ತಿದ್ದೂ ತಲೆ ಕೆಡಿಸಿಕೊಂಡಿರಲಿಲ್ಲ.

ಪರವೂರಿನ ದರ್ಜಿಯೊಬ್ಬ ಆಕೆಯ ಬಾಗಿಲಿಗೆ ಬಂದದ್ದು ಬೇರೆ ದಾರಿಯಿಲ್ಲದೆ. ಹೆರಿಗೆಗೆ ಇನ್ನೂ ದಿನವಿರುವಾಗಲೇ ಬಿ.ಪಿ. ಏರಿ, ಅವನ ಮಗಳನ್ನು ಈ ಊರಿನ ಆಸ್ಪತ್ರೆಗೆ ಸೇರಿಸಿದ್ದರು. ಅಳಿಯ ಹಡಗಿನ ಕೆಲಸದಲ್ಲಿ, ನಡುಸಮುದ್ರದಲ್ಲಿ. ವಾರ್ಡಿನಲ್ಲಿ ಜೊತೆಗಿರಲು ಒಬ್ಬರಿಗಷ್ಟೇ ಜಾಗ. ಅಲ್ಲಿ ದರ್ಜಿಯ ಹೆಂಡತಿ ಕೂತಳು. ಬಸ್ ನಿಲ್ದಾಣದ ಸುತ್ತಲಿನ ಲಾಡ್ಜುಗಳ ಬಾಡಿಗೆ ಕೇಳಿಯೇ ದರ್ಜಿಗೆ ಬೆವರು ಕಿತ್ತುಬಂದಿತ್ತು. ಆಸ್ಪತ್ರೆಯ ಹಿಂದಿನ ಗಲ್ಲಿಯ ಈ ಲಾಡ್ಜೊಂದೇ ಅವನ ಜೇಬಿಗೆ ಒಗ್ಗುವಂಥದ್ದು.

"ಎಷ್ಟು ದಿನ?"

"ಮಗಳಿಗೆ ಹೆರಿಗೆ ಆಗೋವರೆಗೂ, ಅಮ್ಮ."

"ಅದು ನನ್ನ ಕೈಲಿದೆಯಾ? ಕುಡೀತೀರಾ?"

"ಟೀ ಕುಡೀತೀನಿ."

"ಜಾಣತನ ಬೇಡ."

ಆಕೆ ಬೀಗದ ಕೈ ಕೊಟ್ಟಳು. ಅದು ಮೊಣಕೈಯುದ್ದದ ಮರದ ತುಂಡಿಗೆ ಕಟ್ಟಿದ ಹುರಿಯಲ್ಲಿ ನೇತಾಡುತ್ತಿತ್ತು.

"ಇದೇನಮ್ಮ, ಒನಕೆ ಕೊಟ್ಟುಬಿಟ್ರಿ!"

"ಬರೀ ಬೀಗದ ಕೈ ಕೊಟ್ರೆ ಜೇಬಿಗಿಳಿಸಿಕೊಂಡು ಊರು ಬಿಡ್ತಾರೆ. ಹೊರಗೆ ಹೋಗುವಾಗೆಲ್ಲ ಇಲ್ಲಿ ಕೊಟ್ಟು ಹೋಗಬೇಕು. ಇದು ಹೊಸಿಲು ದಾಟಿದ ದಿನ ನಿಮ್ಮ ಗಂಟುಮೂಟೆಯೂ ದಾಟುತ್ತೆ."

ಬಾಯಿಮಾತಲ್ಲ. ಔಷಧಿ ಕಂಪನಿಯವನೊಬ್ಬನ ಪೆಟ್ಟಿಗೆ ಹೀಗೆಯೇ ಬೀದಿ ಕಂಡಿತ್ತೆಂದು ಎದುರಿನ ಟೀ ಅಂಗಡಿಯವನು ಹೇಳಿದ. ಅಂದಿನಿಂದ ದರ್ಜಿ ತುಂಡನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದು ಆಕೆಯ ಮೇಜಿನ ಮೇಲಿಡುತ್ತಿದ್ದ. ಅವನು ಚಕ್ಕೆಯೇನಾದರೂ ಕದ್ದಿದ್ದಾನೋ ಎಂಬಂತೆ ಆಕೆ ಅದನ್ನು ತಿರುಗಿಸಿ ನೋಡಿ ಒಳಗಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಅರ್ಧ ಗಡ್ಡ ಹೆರೆದಿದ್ದಾಗ ಹೆಂಡತಿಯ ಫೋನು ಬಂತು. "ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು ರೀ, ಬೇಗ ಬನ್ನಿ!" ದರ್ಜಿ ಬೀಗ ಜಡಿದು, ಮೇಜಿನತ್ತ ತಿರುಗಿಯೂ ನೋಡದೆ ಓಡಿದ. ತುಂಡು ಕಂಕುಳಲ್ಲೇ ಇತ್ತು.

ಮಧ್ಯಾಹ್ನ ನರ್ಸು ಹೊರಗೆ ಬಂದಳು. ಗಂಡು ಮಗು, ಇಬ್ಬರೂ ಕ್ಷೇಮ. ಆದರೆ ಇನ್ನೊಂದು ವಾರವಾದರೂ ಇಲ್ಲೇ ಇರಬೇಕು. ದರ್ಜಿ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗ ತುಂಡು ದೊಪ್ಪನೆ ನೆಲಕ್ಕೆ ಬಿತ್ತು. ಆಗಲೇ ಅವನಿಗೆ ಅದರ ನೆನಪಾದದ್ದು. ತಲೆಯೆತ್ತಿದರೆ, ವರಾಂಡದ ತುದಿಯಿಂದ ಸರಪಳಿಯಮ್ಮ ದಾಪುಗಾಲು ಹಾಕುತ್ತ ಬರುತ್ತಿದ್ದಾಳೆ. ಇನ್ನೊಂದು ವಾರ ಎಲ್ಲಿ ತಲೆ ಊರುವುದು? ಅವನು ಬಗ್ಗಿ ತುಂಡನ್ನು ಎತ್ತಿಕೊಂಡ.

"ಕೊಡಿ ಇಲ್ಲಿ."

"ತಪ್ಪಾಯ್ತಮ್ಮ. ಸಾಮಾನು ಈಗಲೇ ತೆಗೀತೀನಿ."

ಆಕೆ ಅವನ ಒಂದು ಕೆನ್ನೆ ನೋಡಿದಳು, ಇನ್ನೊಂದು ಕೆನ್ನೆ ನೋಡಿದಳು.

"ಮಗಳು?"

"ಚೆನ್ನಾಗಿದ್ದಾಳೆ. ಗಂಡು ಮಗು. ಇನ್ನೂ ಒಂದು ವಾರ ಇರಬೇಕಂತೆ..."

"ಈ ಮುಖ ಹೊತ್ಕೊಂಡು ಮೊಮ್ಮಗನ ಹತ್ರ ಹೋಗಬೇಡಿ. ಹೆದರಿಕೊಂಡೀತು."

ಬೆಂಚಿನ ಮೇಲೆ ಕೂತು ತುಂಡನ್ನು ತೊಡೆಯ ಮೇಲಿಟ್ಟುಕೊಂಡಳು. ಹಳೆಯ ಹುರಿ, ಗಂಟು ಕಲ್ಲಾಗಿತ್ತು; ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು. ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ಮರದ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು.