ಮಾವನಿಗೆ ಮೀಸಲಾಗಿದ್ದ ಕೂದಲು

ನನ್ನ ಫೋನು ದಿನಕ್ಕೊಮ್ಮೆಯಾದರೂ ಜಾಗ ಸಾಲದೆಂದು ಗೋಳಿಡುತ್ತದೆ. ಅದರ ಅಜೀರ್ಣಕ್ಕೆ ಮೂಲಕಾರಣ ನನ್ನ ಮಗ ವಿರೂಪಾಕ್ಷ. ಅವನ ಮೊದಲ ಹಲ್ಲು ಅಕ್ಕಿಕಾಳಿನಷ್ಟು ಇಣುಕಿದ ಬೆಳಿಗ್ಗೆ, ಪ್ರವಾಸಿಗರು ಹಂಪಿಯ ಕಲ್ಲಿನ ತೇರಿಗೆ ತೋರುವ ಶ್ರದ್ಧೆಯಿಂದ ಆ ದಂತಾಂಕುರವನ್ನು ನಾಲ್ಕೂ ದಿಕ್ಕಿನಿಂದ ಸೆರೆಹಿಡಿದಿದ್ದೆ. ಮುಂದೊಂದು ದಿನ ಹಂಪಿಯದೇ ಒಂದು ಮಂಟಪದಲ್ಲಿ ಅವನು ಮೂರು ಹೆಜ್ಜೆಯಿಟ್ಟು ಕುಕ್ಕರಿಸಿದಾಗ, ಬಿದ್ದ ಸಾಮ್ರಾಜ್ಯವೇ ಎದ್ದು ನಿಂತಿತೆಂಬಂತೆ ನಾನು ಕೂಗಿದ ಕೂಗಿಗೆ ಕೋತಿಗಳು ಚದುರಿ ಓಡಿದ್ದವು. ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಸ್ಟಾಫ್ ರೂಮಿನಲ್ಲಿ ಫೋನು ತೆಗೆದರೆ ಸಾಕು, ಸಹೋದ್ಯೋಗಿಗಳಿಗೆ ತಟ್ಟನೆ ತಮ್ಮ ತರಗತಿಗಳ ನೆನಪಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನನಗೂ ಗೊತ್ತು, ಪರೀಕ್ಷೆಗೂ ಕೊಡುತ್ತೇನೆ. ಆದರೆ ಆ ಚಿತ್ರರಾಶಿಯಲ್ಲಿ ನಾನು ಯಾರಿಗೂ ತೋರಿಸದ ಹತ್ತು ಹನ್ನೆರಡು ಚಿತ್ರಗಳಿವೆ. ನಿಮಗೂ ತೋರಿಸಲಾರೆ; ಅವುಗಳ ಕತೆಯನ್ನಷ್ಟೇ ಹೇಳುತ್ತೇನೆ.

ಮಗನಿಗೆ ಮೂರು ತುಂಬುತ್ತ ಬಂದಿದ್ದರೂ ಎರಡು ಬಾಕಿ ಉಳಿದಿದ್ದವು. ಒಂದು, ಮಾತು. ‘ಹಾಲು’, ‘ಬಂಡಿ’, ‘ಬ್ಯಾಡ’ ಎಂಬ ಬಿಡಿ ಪದಗಳಲ್ಲೇ ಅವನ ಸಂಸಾರ ಸಾಗಿತ್ತು. ಪೂರ್ಣ ವಾಕ್ಯವೊಂದಕ್ಕಾಗಿ ನಾವು ಚಾತಕಗಳಾಗಿದ್ದೆವು. ಇನ್ನೊಂದು, ಜವಳ. ನಮ್ಮಲ್ಲಿ ಮಗುವಿನ ಹುಟ್ಟುಗೂದಲಿಗೆ ಮೊದಲ ಕತ್ತರಿ ಸೋದರಮಾವನದು. ಅವನ ತೊಡೆಯ ಮೇಲೆ ಕೂಸು ಕೂರಬೇಕು, ಅವನು ಒಂದು ಎಳೆ ಕತ್ತರಿಸಿ ಹೊಳೆಗೆ ಬಿಡಲು ವೀಳ್ಯದೆಲೆಯಲ್ಲಿ ಮಡಿಚಿಡಬೇಕು, ಆಮೇಲೆ ಉಳಿದವರು. ನನ್ನ ಹೆಂಡತಿ ಗಿರಿಜೆಯ ಅಣ್ಣ ಬಸಣ್ಣ ಎಮ್ಮಿಗನೂರಿನಲ್ಲಿ ಭತ್ತ ಬೆಳೆಯುವವರು. ಸ್ವಂತ ಮಕ್ಕಳಿಲ್ಲದ ಅವರು ಈ ಒಂದು ಎಳೆಗಾಗಿ ಎರಡು ವರ್ಷ ಕಾದಿದ್ದರು. ಮೊದಲು ಮನೆಯಲ್ಲೊಂದು ಸಾವಾಗಿ ಮುಂದೆ ಹೋಯಿತು, ಬಳಿಕ ಸುಗ್ಗಿ ಅಡ್ಡ ಬಂತು. ಕೊನೆಗೆ ಕಟಾವು ಮುಗಿದ ಸೋಮವಾರವೆಂದು ನಿಶ್ಚಯಿಸಿ, ಅಳಿಯನಿಗೆ ಅಂಗಿಯನ್ನೂ ತಂದಿಟ್ಟಿದ್ದರು.

ಅದಕ್ಕೆ ಎಂಟು ದಿನ ಮುಂಚಿನ ಭಾನುವಾರ ಗಿರಿಜೆ ಸೀಮಂತವೊಂದಕ್ಕೆಂದು ಸಂಡೂರಿಗೆ ಹೋಗಿದ್ದಳು. ನಾನು ಕ್ಷೌರಕ್ಕೆ ಹೊರಟಾಗ ಮಗನೂ ಬೆನ್ನು ಹತ್ತಿದ. ಕಣ್ಣಿನ ಮೇಲೆ ಬಿದ್ದ ಕೂದಲನ್ನು ಸರಿಸಿಕೊಳ್ಳುತ್ತ ಅವನು ಆ ದೊಡ್ಡ ಕುರ್ಚಿಯತ್ತ ಆಸೆಯಿಂದ ನೋಡಿದ. ನಾನು ಫೋನಿನತ್ತ ನೋಡಿದೆ. ಮೊದಲ ಕಟಿಂಗ್! ಜವಳದ ದಿನ ನೆಂಟರ ತಲೆಗಳ ನಡುವೆ ಮಗನ ತಲೆ ಕಂಡೀತೆ? ಇಲ್ಲಾದರೆ ಕನ್ನಡಿಯಿದೆ, ಬೆಳಕಿದೆ, ಅಡ್ಡ ಬರುವವರಿಲ್ಲ. ಮುಂದಿನ ನಾಲ್ಕು ಕೂದಲಷ್ಟೇ ಎಂದು ನನಗೆ ನಾನೇ ಅನುಮತಿ ಕೊಟ್ಟುಕೊಂಡೆ.

ಕ್ಷೌರದವನು ನನಗಿಂತ ಧರ್ಮ ಬಲ್ಲವನು. “ಜವಳ ಆಗೈತೇನ್ರಿ ಸರ? ಹುಟ್ಟುಗೂದಲ ಇದ್ದಂಗ ಕಾಣ್ತೈತಿ. ಸೋದರಮಾವ ಕತ್ರಿ ಹಚ್ಚದಕಿಂತ ಮೊದ್ಲ ನಾವು ಮುಟ್ಟಂಗಿಲ್ರಿ,” ಎಂದ.

“ಆಗೈತಪ್ಪ, ಯಾವಾಗೋ ಆಗೈತಿ,” ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಮುಂದಿನದು ಕತ್ತರಿಸಿದ ಮೇಲೆ ಹಿಂದಿನದು ವಿಕಾರವಾಗಿ ಕಂಡಿತು. ಹಿಂದಿನದನ್ನು ಸರಿಮಾಡಹೋಗಿ ಪಕ್ಕದ್ದೂ ಹೋಯಿತು. ಕೊನೆಗೆ ಯಂತ್ರ ಹಾಕಿ ಇಡೀ ತಲೆಯನ್ನು ಸಮ ಮಾಡಿದ್ದಾಯಿತು. ಕನ್ನಡಿಯಲ್ಲಿ ತನ್ನ ಹಣೆಯನ್ನು ಮೊದಲ ಸಲ ಕಂಡ ಮಗ ಕಿಲಕಿಲನೆ ನಕ್ಕ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಸಣ್ಣನ ನೆನಪೇ ಆಗಲಿಲ್ಲ. ಸಂತೋಷದಿಂದ ಚಿತ್ರ ತೆಗೆಯುತ್ತಲೇ ಇದ್ದೆ.

ನೆನಪಾದದ್ದು ಸಂಜೆ, ಗಿರಿಜೆ ಬಾಗಿಲಲ್ಲಿ ನಿಂತು, “ಅಯ್ಯ! ಕೂದ್ಲ ಏನಾದ್ವು?” ಎಂದಾಗ. “ಚ್ಯೂಯಿಂಗ್ ಗಮ್ ಅಂಟಿಸ್ಕೊಂಡಿದ್ದ. ಕಣ್ಣಿಗೆ ಹೊಕ್ಕೀತಂತ ತಗಿಸಿದೆ,” ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ. ಅವಳು ಮಗನ ತಲೆ ಸವರುತ್ತ, “ಅಣ್ಣಗ ಏನಂತ ಹೇಳ್ಲಿ?” ಎಂದಷ್ಟೇ ಅಂದು ಒಳಗೆ ಹೋದಳು.

ಎರಡು ದಿನದ ಮೇಲೆ ಬಸಣ್ಣನೇ ಬೈಕಿನಲ್ಲಿ ಹೊಸ ಅಕ್ಕಿಯ ಚೀಲ ಹೇರಿಕೊಂಡು ಬಂದರು. ಬೋಳುತಲೆಯ ಅಳಿಯನನ್ನು ಕಂಡು ಅವರ ಕೈ ಚೀಲದ ಮೇಲೆಯೇ ನಿಂತಿತು. ನಾನು ಗಮ್ಮಿನ ಪುರಾಣವನ್ನು ಸಾಲಂಕಾರವಾಗಿ ಅರುಹಿದೆ. ಪಾಪ, ಮನುಷ್ಯ ಪೂರ್ತಿ ನಂಬಿ ನನಗೇ ಸಮಾಧಾನ ಹೇಳಿದರು: “ಹೋಗ್ಲಿ ಬಿಡ್ರಿ ಮಾಸ್ತರ. ಕೂಸಿನ ಕಣ್ಣಿಗೆ ಏನೂ ಆಗ್ಲಿಲ್ಲಲ್ಲ, ಅಷ್ಟ ಸಾಕು.”

ಆಗ ನಮ್ಮ ಮೂಕ ಪ್ರತಿಮೆ ಬಾಯಿ ತೆರೆಯಿತು. “ಮಾಮಾ, ಗಮ್ ಇಲ್ಲ. ಅಪ್ಪ ಅಂಗಡ್ಯಾಗ ಕಟಿಂಗ್ ಮಾಡ್ಸಿತು, ಫೋಟೋ ತಗೀತು.”

ಮೂರು ವರ್ಷ ಕಾದ ವಾಕ್ಯ! ಪಂಡಿತಪಿತೃವಾದ ನನ್ನ ಎದೆ ಒಂದು ಗಳಿಗೆ ಹಿಗ್ಗಿತು; ಮರುಗಳಿಗೆ ಅದರ ಅರ್ಥ ತಲೆಗೆ ಹೋಗಿ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಗನ ಚೊಚ್ಚಲ ವಾಕ್ಯ ತಂದೆಯ ವಿರುದ್ಧದ ಸಾಕ್ಷಿಯಾಗಿತ್ತು. ಗಿರಿಜೆ ನನ್ನತ್ತ ತಿರುಗಿದಳು, ನಾನು ಗೋಡೆಯತ್ತ ತಿರುಗಿದೆ. ಬಸಣ್ಣ ಮಾತ್ರ ಅಳಿಯನನ್ನು ಮೇಲೆತ್ತಿ, “ಮಾತಾಡಿದ್ನಲ್ಲೇ ಗಿರಿಜಾ! ಏನ್ ಮಸ್ತ್ ಮಾತಾಡಿದ್ನಲೇ!” ಎಂದು ಕಣ್ಣು ತುಂಬಿಕೊಂಡರು. ಆದರೆ ಚಹಾ ಕುಡಿಯುವಾಗ ನನ್ನ ಮುಖ ನೋಡಲಿಲ್ಲ. ಹೊರಡುವಾಗ, “ಸೋಮವಾರ ಕಂಪ್ಲಿ ಹೊಳಿಗೆ ಬರ್ರಿ. ಶಾಸ್ತ್ರ ಬಿಡದು ಬ್ಯಾಡ,” ಎಂದರು.

ಹೋದೆವು. ತುಂಗಭದ್ರೆಯ ದಂಡೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ನೆಂಟರು. ಗಿರಿಜೆಯ ಸೋದರತ್ತೆ ಮಗುವನ್ನು ಕಂಡವರೇ, “ಏನಲೇ ಬಸ್ಯಾ, ಕೂಸಿನ ಕೂದ್ಲ ಎಲ್ಲಿ ಹೋದ್ವು?” ಎಂದರು.

“ಗಮ್ ಅಂಟಿತ್ತಬೇ. ಕಣ್ಣಿಗೆ ಹೊಕ್ಕೀತಂತ ಮಾಸ್ತರ ತಗಿಸ್ಯಾರ,” ಎಂದರು ಬಸಣ್ಣ.

ರೈಸ್ ಮಿಲ್ಲಿನವರು ಕೇಳುವ ಮೊದಲೇ ತನ್ನ ಭತ್ತ ಇನ್ನೂ ಹಸಿಯಿದೆಯೆಂದು ಹೇಳಿಬಿಡುವ ಮನುಷ್ಯ ಅವರು. ನನ್ನ ಮಾನ ಕಾಯಲು ನನ್ನದೇ ಸುಳ್ಳನ್ನು ಬಾಯಿಗೆ ಹಾಕಿಕೊಂಡಿದ್ದರು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. “ಗಮ್ ಅಂಟಿದ್ದಿಲ್ರಿ ಅತ್ತಿ,” ಎಂದೆ. “ಫೋಟೋದ ಆಸೆಗೆ ನಾನ ತಗಿಸಿದೆ. ಜವಳ ಆಗೈತಂತ ಸುಳ್ಳ ಹೇಳಿ ತಗಿಸಿದೆ.”

“ಅಯ್ಯ ಶಿವನ! ಓದಿದ ಮಂದಿ ಮಾಡೋ ಕೆಲಸೇನ್ರಿ ಇದು?” ಎಂದರು ಅತ್ತೆ.

“ಸಾಕು ಬಿಡಬೇ, ಬಿಸಲು ಏರಾಕ ಹತ್ತೈತಿ,” ಎನ್ನುತ್ತ ಬಸಣ್ಣ ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಬಲಗೈಯಲ್ಲಿ ಕತ್ತರಿ ಹಿಡಿದು, ಎಡಗೈ ಬೆರಳುಗಳಿಂದ ಒಂದು ಎಳೆ ಹಿಡಿಯಲು ನೋಡಿದರು. ಸಿಗಲಿಲ್ಲ. ಭತ್ತ ಕಟ್ಟಿ ಕಟ್ಟಿ ಒರಟಾದ ಬೆರಳುಗಳಿಗೆ ಸಿಗುವಷ್ಟು ಕೂದಲನ್ನು ನಾನು ಉಳಿಸಿರಲಿಲ್ಲ. ಕಿವಿಯ ಹಿಂದೆ ನೋಡಿದರು, ನೆತ್ತಿಯ ಮೇಲೆ ನೋಡಿದರು. ಕೊನೆಗೆ ಅವರು ಬರಿಗಾಳಿಯಲ್ಲಿ ಒಮ್ಮೆ ಕತ್ತರಿಯಾಡಿಸಿ, ಏನೂ ಇಲ್ಲದ ವೀಳ್ಯದೆಲೆಯನ್ನು ಜೋಪಾನವಾಗಿ ಮಡಿಚಿ, ಹೊಳೆಗೆ ಬಿಡಲು ನನ್ನ ಕೈಗೆ ಕೊಟ್ಟರು.