ಕರ್ನಲ್ ಮನೆಯ ಕಾವಲು

ಕೊಲ್ಲಿ ದೇಶದ ನಗರವೊಂದರ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಗ್ಯಾರೇಜುಗಳ ಹಿಂದೆ ಅಂಗಳವಿರುವ ಹಳೆಯ ಮನೆಯೊಂದಿತ್ತು. ತಮ್ಮ ಕೈಕೆಳಗೆ ದುಡಿದ ಮುದಿ ಸಿಪಾಯಿಗಳು ಕೊನೆಗಾಲ ಕಳೆಯಲೆಂದು ಅರಬ್ ಕರ್ನಲ್ ಒಬ್ಬರು ಬಿಟ್ಟುಕೊಟ್ಟದ್ದು. ಕರ್ನಲ್ ತೀರಿಕೊಂಡ ಮೇಲೂ, ಯಾವ ದೇಶದ ಸೈನ್ಯದಲ್ಲಿದ್ದವನೇ ಆಗಲಿ, ದಿಕ್ಕಿಲ್ಲದೆ ಬಂದರೆ ಅಲ್ಲೊಂದು ಮಂಚ ಸಿಗುತ್ತಿತ್ತು. ಬಂಟ್ವಾಳ ಕಡೆಯ ತನಿಯ ಬಂದದ್ದೂ ಹಾಗೆಯೇ. ಭಾರತದ ಸೈನ್ಯದಿಂದ ನಿವೃತ್ತನಾಗಿ ಅದೇ ನಗರದ ವೆಸ್ಟ್ ಬೇಯಲ್ಲಿ ಸೆಕ್ಯುರಿಟಿಯಾಗಿದ್ದವನಿಗೆ ಸಕ್ಕರೆ ಕಾಯಿಲೆ ಪಾದಕ್ಕಿಳಿದು ಕೆಲಸ ಹೋಯಿತು. ಊರಿನಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ಉಳಿದಿದ್ದವರು ಇಬ್ಬರೇ. ಪಾರ್ಶ್ವವಾಯು ಬಡಿದು ಮಲಗಿದ ಗೋವಾದ ಥಿಯೋಡೋರ್, ಮತ್ತು ಪಾಕಿಸ್ತಾನದ ಸೈನ್ಯದಲ್ಲಿದ್ದು ಈಗ ಅಳಿಯನ ಮನೆಗೆ ಬೇಡವಾದ ಉಮರ್. ಉಮರನೊಡನೆ ತನಿಯ ಮೊದಮೊದಲು ಮಾತೇ ಆಡಲಿಲ್ಲ. ಆಮೇಲೆ ಉಮರನ ಬುದ್ಧಿ ಮಸುಕಾಗಿ, ಬಾಯಿಗೆ ತುತ್ತಿಡುವ ಕೆಲಸವೂ ತನಿಯನ ಪಾಲಿಗೇ ಬಂತು. ಉಮರ್ ಕೋಲೊಂದನ್ನು ಬಂದೂಕಿನಂತೆ ಹೆಗಲಿಗಿಟ್ಟು ಗೇಟಿನಲ್ಲಿ ಪಹರೆಗೆ ನಿಂತನೆಂದರೆ ಯಾರು ಕರೆದರೂ ಒಳಗೆ ಬರುತ್ತಿರಲಿಲ್ಲ. ಎಳೆದರೆ ಕೋಲು ಬೀಸುತ್ತಿದ್ದ. ತನಿಯ ಕುಂಟುತ್ತ ಹೋಗಿ ಎದುರಿಗೆ ನೆಟ್ಟಗೆ ನಿಂತು, "ಸಂತ್ರಿ, ನಿನ್ನ ಡ್ಯೂಟಿ ಖಲಾಸ್. ಇನ್ನು ನನ್ನದು" ಎಂದರೆ ಮಾತ್ರ ಕೋಲು ಒಪ್ಪಿಸಿ ಒಳನಡೆಯುತ್ತಿದ್ದ.

ಜುಲೈಯಲ್ಲಿ ತನಿಯನ ಪಾದ ಕೀವುಗಟ್ಟಿತು. ಪಕ್ಕದ ಗ್ಯಾರೇಜಿನ ಅಣ್ಣು ಗಾಡಿ ತಂದ.

"ಉಮರ್ ಮಲಗಿದ್ದಾನಲ್ಲ, ಹೋಗಿ ಬರುವ. ಇವತ್ತು ಬಿಟ್ರೆ ಕಾಲೇ ಹೋಗ್ತದೆ ತನಿಯಣ್ಣ."

ಬೇಗ ಬಿಡುತ್ತಾರೆಂದು ನಂಬಿ ತನಿಯ ಗಾಡಿ ಹತ್ತಿದ. ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದು ಸಂಜೆಯವರೆಗೆ ಮಲಗಿಸಿಕೊಂಡರು.

ಮರಳಿದಾಗ ಉಮರ್ ಗೇಟಿನ ಬುಡದಲ್ಲಿ ಬಿದ್ದಿದ್ದ. ಮೈ ಕಾದ ಹೆಂಚಿನಂತಿತ್ತು, ಉಸಿರಿರಲಿಲ್ಲ. ಒಳಗಿನಿಂದ ಕೂಗಿ ಕೂಗಿ ಥಿಯೋಡೋರನ ಗಂಟಲು ಕಟ್ಟಿಹೋಗಿತ್ತು. ಆ ಉರಿಬಿಸಿಲಿನಲ್ಲಿ ಕೇಳಲು ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಣ್ಣು ಮಾಡಿದ ಮೇಲೆ ಉಮರನ ಮಗಳಿಗೆ ತನಿಯನೇ ಫೋನ್ ಮಾಡಿದ. ನಿಮ್ಮ ತಂದೆ ಕೊನೆಯವರೆಗೂ ಪಹರೆ ಬಿಟ್ಟು ಕದಲಲಿಲ್ಲ ಎಂದ. ಅವಳು ತಿದ್ದಿದಳು.

"ಚಾಚಾ, ಅಬ್ಬಾ ಪಲ್ಟನ್ನಿನಲ್ಲಿ ಕ್ಷೌರ ಮಾಡುತ್ತಿದ್ದರು. ಅವರನ್ನು ಯಾರೂ ಒಂದು ದಿನವೂ ಪಹರೆಗೆ ನಿಲ್ಲಿಸಿರಲಿಲ್ಲ."

ತನಿಯ ಆ ಮಾತನ್ನು ಥಿಯೋಡೋರನಿಗೆ ಹೇಳಲಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಕರ್ನಲ್ಲರ ಮೊಮ್ಮಕ್ಕಳು ಮನೆ ಮುಚ್ಚಿದರು. ಥಿಯೋಡೋರನನ್ನು ಆಸ್ಪತ್ರೆಗೆ ಒಯ್ದರು. ತನಿಯನನ್ನು ಅಣ್ಣು ತಾನಿರುವ ಕಾರ್ಮಿಕರ ಕ್ಯಾಂಪಿನ ಕೋಣೆಗೆ ಕರೆದೊಯ್ದ. ಅಲ್ಲಿ ಖಾಲಿ ಇದ್ದದ್ದು ಮೇಲಿನ ಮಂಚ ಒಂದೇ. ಅದನ್ನು ಹತ್ತಲಾಗದೆ ತನಿಯ ಬಾಗಿಲ ಬಳಿ ನೆಲದಲ್ಲೇ ಮಲಗುತ್ತಾನೆ.